ದೋಣಿಗೆ ಕಟ್ಟಿದ ರವಿಕೆ ಕಣ

ಮಂಗಳಾಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಗಳಿಗೆ ಹಾಲು ಕುಡಿಸುವಾಗಲೂ ಕಣ್ಣು ಮಾರಿಕಣಿವೆ ಅಣೆಕಟ್ಟಿನ ನೀರಿನ ಮೇಲೇ. ಹೊಸದುರ್ಗದ ಕಡೆಯ ಹಿನ್ನೀರಿನಲ್ಲಿ ಅಪ್ಪನ ಜೊತೆ ಬಲೆ ಎಳೆಯುತ್ತ ಬೆಳೆದವಳು. ಹಿರಿಯೂರಿಗೆ ಮದುವೆಯಾಗಿ ಬಂದ ಮೇಲೂ ದೋಣಿ ಬಿಟ್ಟಿರಲಿಲ್ಲ. ಬಸುರಿಯಾದಾಗ ಮನೆಯವರು ಬಿಡಿಸಿದರು, ಹೆರಿಗೆಯಾದ ಮೇಲೂ ನಾಳೆ, ನಾಡಿದ್ದು ಎನ್ನುತ್ತ ನೀರಿಗಿಳಿಯಲು ಬಿಡಲಿಲ್ಲ. ಇವತ್ತಿನ ಹಾಯಿದೋಣಿ ಪಂದ್ಯ ತಪ್ಪಿದರೆ ಇನ್ನು ದಡದಲ್ಲೇ ತನ್ನ ಬದುಕು ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು.

ಪಂದ್ಯ ನಡೆಸುವವರ ಪರವಾಗಿ ದೋಣಿಗಳನ್ನು ವಿಂಗಡಿಸುತ್ತಿದ್ದವನು ಗುರುರಾಜ್. ಒಂದೇ ಹಾಯಿಯ ಗಿಡ್ಡ ದೋಣಿಗಳಿಗೆ ದಡದ ಹತ್ತಿರದ ಸುತ್ತು. ಎರಡು ಹಾಯಿಯವಕ್ಕೆ, ಉದ್ದನೆಯವಕ್ಕೆ, ಗುಡ್ಡದಾಚೆಯ ಹುಚ್ಚುಗಾಳಿಯ ಸುತ್ತು. ಟೇಪು ಹಿಡಿದು ಮಂಗಳಾಳ ದೋಣಿ ಅಳೆದ. ಗಿಡ್ಡ ದೋಣಿಯ ಲೆಕ್ಕಕ್ಕೆ ಉದ್ದ ಸರಿಯಿತ್ತು. ತಲೆಯೆತ್ತಿ ನೋಡಿ, “ಎರಡು ಹಾಯಿ ಅವಲ್ಲಕ್ಕ?” ಎಂದ.

ದೋಣಿಯ ಮೂತಿಯಿಂದ ಹಾಯಿಕಂಬಕ್ಕೆ ಬಿಗಿದ ಹಗ್ಗದಲ್ಲಿ ಹಸಿರು ರವಿಕೆ ಕಣವೊಂದು ಗಾಳಿಗೆ ಉಬ್ಬುತ್ತಿತ್ತು. ಮಾರಮ್ಮನಿಗೆ ಹರಕೆಯೆಂದು ಅತ್ತೆ ಓಬಮ್ಮ ಬೆಳಿಗ್ಗೆ ಮೇಲೊಂದು ಕೆಳಗೊಂದು ಗಂಟು ಹಾಕಿ ಕಟ್ಟಿದ್ದರು.

“ಅದು ಹಾಯಲ್ಲಪ್ಪ, ಅಮ್ಮನ ಕಣ.”

“ಗಾಳಿ ಹಿಡಿಯೋ ಬಟ್ಟೆ ಎಲ್ಲಾ ಹಾಯೇ. ಬಿಚ್ರಿ, ಇಲ್ಲಾಂದ್ರೆ ದೊಡ್ಡ ದೋಣಿ ಜತೆ ನಿಲ್ರಿ. ಹೊತ್ತಾತು.”

ಮೊಮ್ಮಗಳನ್ನು ಎತ್ತಿಕೊಂಡಿದ್ದ ಓಬಮ್ಮ ಮುಂದೆ ಬಂದರು. “ಹರಕೇದು ಬಿಚ್ಚಂಗಿಲ್ಲ. ಆಟಕ್ಕೋಸ್ಕರ ಅಮ್ಮನ್ನ ಬಿಚ್ತೀಯೇನೇ? ಬಾ, ಮನೀಗೆ ಹೋಗಾಣ.”

“ಅಜ್ಜಿ, ಅಮ್ಮನಿಗೂ ಒಂದು ನಂಬರ್ ಕೊಡಾನೇನು?” ಗುರುರಾಜ್ ನಕ್ಕ.

“ನಗಬ್ಯಾಡ ಲೇ! ಎದೆಹಾಲು ಕುಡಿಯೋ ಕೂಸೈತೆ ಇವಳಿಗೆ. ನೀರು ಅದನ್ನ ಕೇಳ್ತೈತೇನು?”

ಮಂಗಳಾಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅತ್ತೆ ಕೂಸನ್ನು ಎದೆಗೆ ಅವುಚಿಕೊಂಡಿದ್ದು ಕಂಡಿತು. ದನಿ ತಗ್ಗಿಸಿದಳು.

“ಅತ್ತೆ, ಅಮ್ಮ ಕಾಯಬೇಕಾದ್ದು ನನ್ನನ್ನೋ, ದೋಣಿ ಹಲಗೇನೋ? ನೀವೇ ಬಿಚ್ಚಿ ನನ್ನ ಸೊಂಟಕ್ಕೆ ಕಟ್ರಿ.”

ಓಬಮ್ಮ ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಮಗುವನ್ನು ಗುರುರಾಜನ ಕೈಗೆ ತುರುಕಿ ಗಂಟಿಗೆ ಉಗುರು ಹಾಕಿದರು. ಒದ್ದೆ ಗಂಟು, ಬೇಗ ಬಿಡಲಿಲ್ಲ. ದಡದ ಆ ತುದಿಯಲ್ಲಿ ಸೀಟಿ ಊದಿದರು. ಗಿಡ್ಡ ದೋಣಿಗಳು ಹೊರಟೇಬಿಟ್ಟವು. ಕೊನೆಗೂ ಬಿಚ್ಚಿದ ಕಣವನ್ನು ಓಬಮ್ಮ ಸೊಸೆಯ ಸೊಂಟಕ್ಕೆ ಸುತ್ತತೊಡಗಿದರು.

“ಬೇಗ, ಅತ್ತೆ!”

“ಇರೇ, ಇನ್ನೊಂದು ಗಂಟು.”

“ಸಾಕು ಬಿಡ್ರಿ!”

“ಇರು ಅಂದ್ನಲ್ಲ!” ಲೈಫ್ ಜಾಕೆಟ್ಟಿನ ಮೇಲೆ ಉಸಿರು ಕಟ್ಟುವಷ್ಟು ಬಿಗಿದು, ಬೆನ್ನಿಗೊಂದು ಗುದ್ದು ಕೊಟ್ಟರು. “ಹೋಗು.”

ಮಂಗಳಾ ಕೊನೆಯವಳಾಗಿ ದೋಣಿ ತಳ್ಳಿ ಹತ್ತಿದಳು. ಹಾಯಿ ಪಟಪಟ ಬಡಿದು ತುಂಬಿಕೊಂಡಿತು. ಮುಂದಿನ ದೋಣಿ ಎಷ್ಟು ದೂರವೆಂದು ಅವಳ ಕಣ್ಣು ಆಗಲೇ ಅಳೆಯುತ್ತಿತ್ತು.