ಪ್ಲಾಸ್ಟಿಕ್ಕಿನ ಜೋಡೆತ್ತು

ಡಬ್ಬಿಯ ಮೇಲಿನ ಚಿತ್ರ ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಬಣ್ಣಬಣ್ಣದ ಬೇಲಿಯೊಳಗೆ ಕೆಂಪು ಬಿಳಿ ಮಚ್ಚೆಯ ಒಂದು ಹಸು. ಬೆನ್ನು ಹಲಗೆಯ ಹಾಗೆ ಸಪಾಟು, ಹೆಗಲ ಮೇಲೆ ಡುಬ್ಬವಿಲ್ಲ, ತಲೆಗೆ ಕೊಂಬಿಲ್ಲ. ನನ್ನ ತವರು ಗಬ್ಬೂರಿನಲ್ಲಿ ಇಂಥದ್ದನ್ನು ನಿಲ್ಲಿಸಿದರೆ ಇದು ಯಾವ ದೇಶದ ಪ್ರಾಣಿ ಎಂದು ಜನ ಕೇಳಿಯಾರು. ಆದರೂ ಆ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿಯನ್ನು ರಾಯಚೂರಿನ ಬಜಾರದಲ್ಲಿ ಕೊಂಡುಕೊಂಡು ಮನೆಗೆ ತಂದೆ. ತಂದದ್ದು ಮಕ್ಕಳಿಗೆ ಅಂತ ಹೇಳಿದೆ. ನಿಜವಾಗಿ ತಂದದ್ದು ಅಪ್ಪನಿಗೆ.

ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವಾ ಹೊಡೆದಿತ್ತು. ಗಬ್ಬೂರಿನಿಂದ ರಾಯಚೂರಿನ ನಮ್ಮ ಮನೆಗೆ ಕರೆತಂದೆವು. ಮಾತು ತಿರುಗಿ ಬಂತು, ಗೋಡೆ ಹಿಡಿದು ನಡೆಯುವಷ್ಟು ಕಾಲೂ ಬಂತು. ಬಲಗೈ ಮಾತ್ರ ಬರಲಿಲ್ಲ. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ಈಗ ಬೆರಳು ಆಡಿಸದಿದ್ದರೆ ಹಾಗೇ ಮರಗಟ್ಟಿಬಿಡುತ್ತವೆ, ಸಣ್ಣ ಸಣ್ಣ ಸಾಮಾನು ಹಿಡಿಸಿ, ಬಿಡಿಸಿ ಅಂದಿದ್ದರು. ಹೇಳುವುದು ಸುಲಭ. ಕಡಲೆ ಹರಡಿ ಬಲಗೈಲಿ ಆರಿಸು ಎಂದರೆ ಎಡಗೈಲಿ ಆರಿಸಿ ಬಾಯಿಗೆ ಹಾಕಿಕೊಂಡ. ಮೆತ್ತನೆಯ ಚೆಂಡು ತಂದುಕೊಟ್ಟರೆ ಮೊಮ್ಮಗನ ಕಡೆ ಎಸೆದ.

"ನಾ ಏನ್ ಕೂಸೇನು ಬೇ, ಚೆಂಡು ಹಿಡಕೊಂಡು ಕುಂದ್ರಾಕ?"

ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ದಿನಾ ಮಾನ್ವಿಗೆ ಬಸ್ಸಿನಲ್ಲಿ ಹೋಗಿಬಂದು, ಕೇಳದ ಮಕ್ಕಳಿಗೆ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡು ಬಂದರೆ, ಮನೆಯಲ್ಲಿ ಅವರೆಲ್ಲರನ್ನೂ ಮೀರಿಸಿದ ಹಟಮಾರಿ ಕೂತಿರುತ್ತಿದ್ದ.

ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂತು. ಅವತ್ತು ಎರೆಮಣ್ಣಿನಲ್ಲಿ ಒಂದು ಜೊತೆ ಎತ್ತು ಮಾಡಿ, ಮುಂದೆ ಮೇವಿನ ಪುಟ್ಟ ಗೋದಲಿ ಇಟ್ಟು, ದೇವರ ಜಗಲಿಯ ಮೇಲೆ ಪೂಜೆ ಮಾಡುತ್ತೇವೆ. ಮರುದಿನ ಊರಿನ ಹುಡುಗರು ಅದರಲ್ಲೊಂದರ ಕಾಲು ಮುರಿದು, ಎತ್ತು ಕುಂಟಾಗಿದೆ ಎಂದು ಮನೆಮನೆಗೆ ಹೋಗಿ ಜೋಳ ಬೇಡಿ ತಂದು, ಎಲ್ಲರೂ ಸೇರಿ ಅಡುಗೆ ಮಾಡಿ ಉಣ್ಣುತ್ತಾರೆ. ಅಪ್ಪ ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ಬೇರೆಯವರ ಎತ್ತು ಹೂಡಿದವನು. ತನ್ನವು ಅಂತ ಅವನಿಗಿದ್ದ ಎತ್ತುಗಳೆಂದರೆ ವರ್ಷಕ್ಕೊಮ್ಮೆ ಮಾಡುತ್ತಿದ್ದ ಈ ಮಣ್ಣಿನವೇ. ಕೊಂಡು ತಂದ ಎತ್ತು ನಮ್ಮ ಜಗಲಿ ಏರಿದ್ದೇ ಇಲ್ಲ.

ಈ ವರ್ಷವೂ ನಾನೇ ಮಾಡುತ್ತೇನೆ ಎಂದ. ನನಗೂ ಖುಷಿಯಾಯಿತು, ಇದಕ್ಕಿಂತ ದೊಡ್ಡ ವ್ಯಾಯಾಮ ಯಾವುದಿದೆ? ಕಲ್ಮಲದಿಂದ ಬರುವ ಹಾಲಿನವನಿಗೆ ಹೇಳಿ ಎರೆಮಣ್ಣು ತರಿಸಿದೆ. ಮಣ್ಣು ನಾದಲು ಒಂದು ಕೈ ಸಾಕಾಯಿತು. ಆದರೆ ಕೊಂಬು ಎಳೆಯಲು, ಡುಬ್ಬ ಏರಿಸಲು ಒಂದು ಕೈ ಹಿಡಿಯಬೇಕು, ಇನ್ನೊಂದು ತೀಡಬೇಕು. ಅಪ್ಪನ ಎತ್ತು ಕುತ್ತಿಗೆ ಜೋಲಿಸಿ, ಮಣ್ಣು ನಾದಿದ ಪರಾತದಲ್ಲಿ ಅಡ್ಡ ಬಿತ್ತು. ಮತ್ತೆ ನಿಲ್ಲಿಸಿದ, ಮತ್ತೆ ಬಿತ್ತು. ಆ ಮುದ್ದೆಯನ್ನು ಅಂಗಳಕ್ಕೆ ಬಿಸಾಕಿ, "ಈ ವರ್ಷ ಹಬ್ಬ ಬ್ಯಾಡ" ಅಂದವನೇ ಬಲಗೈ ಮೇಲೆ ಟವೆಲ್ಲು ಹೊದಿಸಿಕೊಂಡು ಕೂತುಬಿಟ್ಟ. ಆಮೇಲೆ ಆ ಕೈಯನ್ನು ಡಾಕ್ಟರಮ್ಮನಿಗೂ ಸರಿಯಾಗಿ ತೋರಿಸಲಿಲ್ಲ. ನನಗೆ ಹೆದರಿಕೆಯಾಗಿದ್ದು ಆಗ. ಟವೆಲ್ಲಿನ ಕೆಳಗೆ ಅಪ್ಪನ ಕೈ ದಿನದಿಂದ ದಿನಕ್ಕೆ ಮರಗಟ್ಟುತ್ತಿದೆ, ನಾನು ಹಾಜರಿ ಕೂಗುತ್ತ ಮಾನ್ವಿಯಲ್ಲಿ ನಿಂತಿದ್ದೇನೆ.

ಅದಕ್ಕೇ ಆ ಡಬ್ಬಿ. ಮೊಮ್ಮಕ್ಕಳು ಇಟ್ಟಿಗೆ ಜೋಡಿಸುವಾಗ ನೋಡುತ್ತ ಕೂರಲು ಅವನಿಂದಾಗುವುದಿಲ್ಲ, ಕೈ ಹಾಕೇ ಹಾಕುತ್ತಾನೆ ಎಂಬುದು ನನ್ನ ಲೆಕ್ಕ.

ಅಮಾವಾಸ್ಯೆಯ ಹಿಂದಿನ ಸಂಜೆ ಪಡಸಾಲೆಯಲ್ಲಿ ಡಬ್ಬಿ ಸುರುವಿದೆವು. ನಾಲ್ಕನೇ ಕ್ಲಾಸಿನ ಮಗಳು ಯಜಮಾನಿಕೆ ವಹಿಸಿಕೊಂಡಳು, ಇನ್ನೂ ಅಂಗನವಾಡಿಗೆ ಹೋಗುವ ಮಗ ತನಗಿಷ್ಟವಾದ ಹಳದಿ ಇಟ್ಟಿಗೆಗಳನ್ನೆಲ್ಲ ಚಡ್ಡಿಯ ಜೇಬಿಗೆ ತುಂಬಿಕೊಂಡ. ಡಬ್ಬಿಯಲ್ಲಿ ಬಂದ ಕಾಗದ ನೋಡಿ ಮಾಡಿದರೆ ಆ ಬೋಳು ಹಸು ಆಗುತ್ತದೆ. ನಮಗೆ ಬೇಕಾದದ್ದು ಎತ್ತು. ಕಾಗದ ಮಡಚಿ ಪಕ್ಕಕ್ಕಿಟ್ಟು, ಗಣಿತದ ಟೀಚರ್ ಅಲ್ಲವೇ, ನಾನೇ ಲೆಕ್ಕ ಹಾಕಿದೆ. ಆ ಇಟ್ಟಿಗೆಗಳಿಗೆ ನನ್ನ ಲೆಕ್ಕ ಗೊತ್ತಿರಲಿಲ್ಲ. ಡುಬ್ಬ ಏರಿಸಿದರೆ ಒಂಟೆಯಾಯಿತು. ಕೊಂಬು ಸಿಕ್ಕಿಸಿದರೆ ತಲೆ ಭಾರವಾಗಿ ಮುಗ್ಗರಿಸಿತು. ತಪ್ಪಾಗಿ ಕೂರಿಸಿದ್ದನ್ನು ಬಿಡಿಸಬೇಕೆಂದರೆ ಉಗುರು ಹೋಗಲ್ಲ, ಎರಡೂ ಕೈಲಿ ಎಳೆದರೂ ಬರಲ್ಲ. ಹಲ್ಲಿನಿಂದ ಕಚ್ಚಿ ಕಿತ್ತೆ.

ಅಪ್ಪ ಮಂಚದ ಮೇಲಿಂದ ಎಲ್ಲ ನೋಡುತ್ತಿದ್ದ.

"ಅದೇನ್ ಮಾಡಾಕತ್ತಿ?"

"ಎತ್ತು."

"ಎತ್ತಿಗೆ ಕುತ್ತಿಗಿ ಇರ್ತದವ್ವ. ಇದು ಟ್ರಂಕಿನ ಮ್ಯಾಲ ಟ್ರಂಕು ಇಟ್ಟಂಗ ಅದ."

ಮಕ್ಕಳು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. "ಹಂಗಾರ ನೀನಾ ಬಂದು ಮಾಡು ಯಪ್ಪಾ" ಅಂದೆ. ಅಪ್ಪ ಟವೆಲ್ಲನ್ನು ಇನ್ನಷ್ಟು ಎಳೆದುಕೊಂಡು ಗೋಡೆ ಕಡೆ ಮುಖ ಮಾಡಿದ.

ಅಂತೂ ಒಂದು ಎತ್ತು ಎದ್ದು ನಿಂತಿತು, ಕೆಂಪು ಮೈ, ಬಿಳಿ ಕೊಂಬು. ಸಾಕಪ್ಪಾ ಎಂದು ಕಾಲು ಚಾಚುವಷ್ಟರಲ್ಲಿ ಮಗಳು ಕೇಳಿದಳು, "ಮಮ್ಮಿ, ಇನ್ನೊಂದು?"

ಜೋಡಿಯಿಲ್ಲದೆ ಪೂಜೆಯಿಲ್ಲ. ಒಂಟಿ ಎತ್ತನ್ನು ಜಗಲಿಗೆ ಏರಿಸುವವರು ಯಾರೂ ಇಲ್ಲ. ಡಬ್ಬಿ ತಯಾರಿಸಿದವರಿಗೆ ಅದು ಹೇಗೆ ಗೊತ್ತಿರಬೇಕು? ಅವರದ್ದು ಒಂದೇ ಹಸುವಿಗಾಗುವಷ್ಟು ಸಾಮಾನು. ನಾನಾದರೂ ಮೊದಲೇ ಯೋಚಿಸಬೇಡವೇ? ಕಟ್ಟಿದ್ದನ್ನೆಲ್ಲ ಮತ್ತೆ ಬಿಚ್ಚಿದೆವು. ಮಗಳು ಅತ್ತಳು. ಮಗನ ಜೇಬಿನಿಂದ ಹಳದಿ ಇಟ್ಟಿಗೆ ತೆಗೆದಾಗ ಅವನೂ ಅತ್ತ. ಒಂದು ದೊಡ್ಡ ಎತ್ತಿನ ಬದಲು ಎರಡು ಗಿಡ್ಡ ಎತ್ತುಗಳಾದವು, ಒಂದು ಕೆಂಪು, ಇನ್ನೊಂದು ಹಸಿರು ಹಳದಿ ನೀಲಿ ಎಲ್ಲ ಬೆರೆತದ್ದು. ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಕೆಲಸ ಮುಗಿಸಿ ಬಂದ ನನ್ನ ಗಂಡ ಬಾಗಿಲಲ್ಲೇ ನಿಂತು, "ಹಂದಿ ಚಂದ ಆಗ್ಯಾವ" ಅಂದರು. ನಾನು ಅವರಿಗೆ ಊಟಕ್ಕೆ ಬಡಿಸದೆ ಅಡುಗೆಮನೆಯ ದೀಪ ಆರಿಸಿದೆ.

ಮರುದಿನ ಮಗಳು ಎರಡನ್ನೂ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು. ಪ್ಲಾಸ್ಟಿಕ್ಕಿಗೆ ಕುಂಕುಮ ನಿಲ್ಲದೆ ಜಾರಿತು. ಹೋಳಿಗೆ ಎಡೆ ಹಿಡಿದೆವು. ಅಪ್ಪನನ್ನು ಕರೆದರೆ, "ಪ್ಲಾಸ್ಟಿಕ್ಕಿಗೆ ನಾ ಕೈ ಮುಗಿಯಂಗಿಲ್ಲ" ಎಂದ. ಕೈ ಮುಗಿಯಲು ಎರಡು ಕೈ ಬೇಕು, ಅದಕ್ಕೇ ಈ ನೆವ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಸಿಟ್ಟು ಇಳಿಯಲಿಲ್ಲ. ಇಷ್ಟೆಲ್ಲ ಒದ್ದಾಡಿದ್ದು ಅವನು ಒಂದೇ ಒಂದು ಇಟ್ಟಿಗೆ ಮುಟ್ಟಲಿ ಎಂದು. ಅವನು ಮುಟ್ಟಲಿಲ್ಲ. ನನ್ನಿಂದ ಇನ್ನಾಗುವುದಿಲ್ಲ ಎಂದುಕೊಂಡೆ.

ಅದರ ಮರುದಿನ ಮಾನ್ವಿಯಿಂದ ಬರುವಾಗ ಬಸ್ಸು ಕಲ್ಮಲದ ಹತ್ತಿರ ಕೆಟ್ಟು ನಿಂತಿತು. ಮಳೆ ಬೇರೆ. ಕೊನೆಗೆ ಆಟೋದಲ್ಲಿ ಸೀರೆಯಂಚೆಲ್ಲ ಕೆಸರು ಮಾಡಿಕೊಂಡು ಮನೆ ಸೇರಿದರೆ, ಪಡಸಾಲೆಯಲ್ಲಿ ಗದ್ದಲವೋ ಗದ್ದಲ. ಕೆಂಪು ಎತ್ತು ಮೂರೇ ಕಾಲಲ್ಲಿ ನೆಲದ ಮೇಲೆ ವಾಲಿಕೊಂಡಿತ್ತು. ಅಷ್ಟು ಕಷ್ಟಪಟ್ಟು ಕಟ್ಟಿದ್ದು! ಚೀಲವನ್ನೂ ಕೆಳಗಿಡದೆ ಮಗನ ಕಿವಿ ಹಿಡಿದೆ.

"ಅವ ಅಲ್ಲ ಮಮ್ಮಿ, ತಾತ ಕಿತ್ತಿದ್ದು" ಅಂದಳು ಮಗಳು.

ಇಷ್ಟು ದಿನದ್ದೆಲ್ಲ ಒಮ್ಮೆಲೇ ಹೊರಬಂತು. "ಯಪ್ಪಾ, ಮಾಡು ಅಂದ್ರ ಮಾಡಂಗಿಲ್ಲ, ಮಾಡಿದ್ದನ್ನ ಮುರೀತಿ. ನಿನಗರ ಏನ್ ಬೇಕಾಗ್ಯದ?"

ಅಪ್ಪ ನನಗಿಂತ ಜೋರಾಗಿ ದನಿ ಏರಿಸಿದ. "ಮತ್ತ ಕುಂಟೆತ್ತು ಬ್ಯಾಡೇನು? ಈ ಹುಡುಗ್ರು ನಾಕೂ ಕಾಲಿರೋದನ್ನಾ ಹಿಡಕೊಂಡು ಹೊಂಟಿದ್ರು. ನೆಟ್ಟಗಿರೋ ಎತ್ತಿಗೆ ಯಾರು ಜ್ವಾಳ ನೀಡ್ತಾರ?"

ನಾನು ಮಗನ ಕಿವಿ ಬಿಟ್ಟೆ. ಆ ಇಟ್ಟಿಗೆ ಕೀಳಲು ನಾನು ಹಲ್ಲು ಹಚ್ಚಿದ್ದೆ. ಒಂದು ಕೈಯಿಂದ ಆಗುವ ಕೆಲಸವಲ್ಲ ಅದು. ನೋಡಿದರೆ ಟವೆಲ್ಲು ಮಂಚದ ಕೆಳಗೆ ಬಿದ್ದಿತ್ತು. ಅಪ್ಪನ ಬಲಗೈ ತೊಡೆಯ ಮೇಲಿತ್ತು, ಹೆಬ್ಬೆರಳು ತೋರುಬೆರಳಿನ ನಡುವೆ ಎತ್ತಿನ ಕೆಂಪು ಕಾಲು.

"ಯಾವ ಕೈಲೆ ಕಿತ್ತಿ?" ಅಂದೆ. ಕಣ್ಣಿಗೆ ಕಾಣುತ್ತಿದ್ದರೂ ಕೇಳಿದೆ.

ಅಪ್ಪ ಆ ಕೈಯನ್ನು ಬೇರೆಯವರದೇನೋ ಎಂಬಂತೆ ನೋಡಿಕೊಂಡ. ದನಿ ಇಳಿಯಿತು. "ಎಡಗೈಲೆ ಎತ್ತು ಹಿಡಿದಿದ್ದೆ, ಇದು ತಾನಾ ಹೋತು. ಆವಾಗಿಂದ ಹಿಡಕೊಂಡೇ ಕುಂತೀನಿ. ಬಿಡಾಕ ಬರವಲ್ದು ಬೇ."

ನಾನು ಕೆಸರು ಸೀರೆಯಲ್ಲೇ ಅವನ ಕಾಲ ಬಳಿ ಕೂತೆ. ಬೆರಳು ಬಿಡಿಸಲು ಹೋದೆ, ಅವು ಬಿಗಿಯಾಗಿದ್ದವು, ನನ್ನ ಕೈಗೇ ಎದುರು ಎಳೆದವು. ಅಷ್ಟು ಬಿಗಿ. ನನಗೆ ಅಳು ತಡೆಯಲಾಗಲಿಲ್ಲ. ಬಾಗಿಲಲ್ಲಿ ಮಕ್ಕಳು ತಟ್ಟೆಯಲ್ಲಿ ಕುಂಟೆತ್ತು ಇಟ್ಟುಕೊಂಡು ಓಣಿಗೆ ಹೊರಡಲು ಕಾಯುತ್ತಿದ್ದರು.

"ತಾತ, ಕಾಲು ವಾಪಸ್ ಕೊಡ್ತೀಯೋ ಇಲ್ಲೋ?" ಅಂದ ಮಗ.

ನಾನು ಕೈ ತೆಗೆದೆ. "ಬಿಡಬ್ಯಾಡ ಯಪ್ಪಾ," ಅಂದೆ. "ಅವ್ರು ಜ್ವಾಳ ತರೋ ತನಕ ಹಂಗಾ ಹಿಡಕೊಂಡಿರು."