ಯಾರ ಬೆರಳು, ಯಾರ ನೆನಪು

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನನ್ನ ಮೇಜಿನ ಮೇಲಿನ ಪ್ರತಿಯೊಂದು ಅಳತೆಯ ಉಪಕರಣಕ್ಕೂ ಒಂದು ಸ್ಟಿಕ್ಕರ್ ಅಂಟಿರುತ್ತಿತ್ತು: ಪರೀಕ್ಷೆಗೆ ಕಳಿಸಿದ್ದು ಯಾವಾಗ, ಮತ್ತೆ ಕಳಿಸಬೇಕಾದದ್ದು ಯಾವಾಗ. ಅವಧಿ ಮೀರಿದ ಮೈಕ್ರೊಮೀಟರ್ ಎಷ್ಟೇ ಪ್ರಾಮಾಣಿಕವಾಗಿ ಹೊಳೆದರೂ ನಂಬುವಂತಿರಲಿಲ್ಲ. ಇಪ್ಪತ್ತು ವರ್ಷ ಇಂಥ ಅನುಮಾನವನ್ನೇ ಉದ್ಯೋಗ ಮಾಡಿಕೊಂಡಿದ್ದ ತಪಾಸಣೆಯವನಾದ ನಾನು, ನನ್ನ ತಲೆಯನ್ನು ಮಾತ್ರ ಒಮ್ಮೆಯೂ ಪರೀಕ್ಷೆಗೆ ಕಳಿಸಿರಲಿಲ್ಲವೆಂಬುದನ್ನು ನೆನೆದರೆ ಈಗ ನಗು ಬರುತ್ತದೆ.

ಪ್ರಜ್ಞೆಯ ವಿಷಯದಲ್ಲಿ ನಾನು ಸ್ವಾನುಭವದ ಪಕ್ಷಪಾತಿ. ಊಟದ ವಿರಾಮದಲ್ಲಿ ಯಾರಾದರೂ ಆತ್ಮ, ಮನಸ್ಸು ಎಂದು ಚರ್ಚೆ ತೆಗೆದರೆ, ನನ್ನೊಳಗೆ ನಡೆಯುವುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು ಎಂದು ಮೊಸರನ್ನದ ಕೈಯಲ್ಲೇ ವಾದಿಸುತ್ತಿದ್ದೆ. ನಿದರ್ಶನಕ್ಕೆ ಒಂದು ಕಥೆಯೂ ಸಿದ್ಧವಿತ್ತು. ಹಿಂದೊಮ್ಮೆ, ಲಾರಿಗೆ ಏರಲಿದ್ದ, ಎಣ್ಣೆ ಸವರಿದ ಉಕ್ಕಿನ ಶಾಫ್ಟುಗಳ ಮೇಲೆ ಸುಮ್ಮನೆ ಬೆರಳಾಡಿಸಿದೆ, ಕೂದಲೆಳೆಯಷ್ಟು ದೋಷ ತಾಗಿತು, ಲಾರಿ ನಿಲ್ಲಿಸಿದೆ, ಕಾರ್ಖಾನೆಯ ಮಾನ ಉಳಿಯಿತು. ಆ ಎಣ್ಣೆಯ ತಂಪು ಇಂದಿಗೂ ಬೆರಳಿನಲ್ಲಿದೆ ಎನ್ನುವಾಗ ಕೈಯೆತ್ತಿ ತೋರಿಸುತ್ತಿದ್ದೆ ಕೂಡ.

ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯ ಟರ್ನರ್ ರಂಗಪ್ಪನವರ ನಿವೃತ್ತಿ ಬಂತು. ಪಕ್ಕದ ಹಳ್ಳಿಯವರು, ಉಕ್ಕು ಕಡೆಯುವ ಲೇತಿನ ಮುಂದೆ ಮೂವತ್ತು ವರ್ಷ ನಿಂತವರು, ಮಾತು ಕಡಿಮೆ. ಆ ಲಾರಿಯ ಕಾಲದವರಲ್ಲಿ ನನ್ನನ್ನು ಬಿಟ್ಟರೆ ಉಳಿದಿದ್ದವರು ಅವರೊಬ್ಬರೇ. ಬೀಳ್ಕೊಡುಗೆಯ ಭಾಷಣ ನನ್ನ ಪಾಲಿಗೆ ಬಂತು. ಅವರನ್ನು ಹೊಗಳುವ ನೆಪದಲ್ಲಿ ನನ್ನ ಕಥೆಯನ್ನೂ ತೂರಿಸೋಣವೆಂದು, ತಾರೀಖಿಗಾಗಿ ಹಳೆಯ ರಿಜಿಸ್ಟರ್ ತೆಗೆಸಿದೆ. ಗದಗದ ಕಡೆಯ ಆಪರೇಟರ್ ಬಸವರಾಜ ಹಾಳೆ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟ.

“ಆವತ್ತ ನೀವು ರಜಾದಾಗ ಇದ್ರಿ ಅಂತ ಬರದೈತ್ರಿ ಸರ. ಲಾರಿ ನಿಲ್ಲಿಸಿದವರು ರಂಗಪ್ಪನವರಂತ, ನೋಡ್ರಿ.”

ನೋಡಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸುಳ್ಳು ಹೇಳಿದ್ದರೆ ಕ್ಷಮೆಯಾದರೂ ಕೇಳಬಹುದಿತ್ತು. ನಾನು ಹನ್ನೆರಡು ವರ್ಷ ನನಗೆ ತಿಳಿದ ಅಪ್ಪಟ ಸತ್ಯವನ್ನೇ ಹೇಳಿದ್ದೆನಲ್ಲ! ಎಂದೋ ಯಾರೋ ಹೇಳಿದ್ದನ್ನು ಕೇಳಿ, ರಂಗಪ್ಪನವರ ಬೆರಳನ್ನು ನನ್ನ ಕೈಗೆ ಜೋಡಿಸಿಕೊಂಡುಬಿಟ್ಟಿದ್ದೆ. ಸ್ವಾನುಭವವೇ ಪ್ರಮಾಣ ಎಂದವನ ಅನುಭವವೇ ಪರರದಾಗಿತ್ತು. ನೇರ ರಂಗಪ್ಪನವರ ಬಳಿಗೆ ಹೋಗಿ, ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ನೀವು ಯೋಳೋದು ಚೆಂದಾಗಿತ್ತು ಸಾರ್. ನಾನು ಯೋಳಿದ್ರೆ ಎರಡೇ ಮಾತ್ಗೆ ಮುಗ್ದೋಗದು.”

ಸಭೆಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು, ಕಥೆಯನ್ನು ಅದರ ಯಜಮಾನರಿಗೆ ಒಪ್ಪಿಸಿದೆ. ಮನಸ್ಸು ಎಷ್ಟು ಹಗುರಾಯಿತೆಂದರೆ, ಹೋದ ಕೀರ್ತಿಗೆ ಮರುಗುವುದೂ ಮರೆತುಹೋಯಿತು. ಆಮೇಲೆ ಹಾರ ಹಾಕಿಕೊಂಡ ರಂಗಪ್ಪನವರು ಮೈಕ್ ಹಿಡಿದು, ಎಂದೂ ಇಲ್ಲದ ಉತ್ಸಾಹದಿಂದ ಆ ದಿನವನ್ನು ವರ್ಣಿಸತೊಡಗಿದರು.

“ನಾನು ಬೆರಳಿಕ್ಕುದಾಗ ಸಾರ್ ನನ್ ಪಕ್ಕದಾಗೇ ನಿಂತಿದ್ರು. ‘ನಿಲ್ಸು ರಂಗಪ್ಪ ಲಾರೀನ’ ಅಂದ್ರು. ಈಗ್ಲೂ ಕಣ್ಗೆ ಕಟ್ಟಿದಂಗದೆ!”

ಬಸವರಾಜ ನನ್ನ ಮುಖ ನೋಡಿದ. ತಿದ್ದಲೆಂದು ಎದ್ದು ನಿಂತವನು, ರಂಗಪ್ಪನವರ ಸಂತೋಷ ಕಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ ಕುಳಿತೆ.