ಗೋಡೆಯಕ್ಕ ಮುಚ್ಚಿದ ದಾರಿ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ, ಆಕಾಶ ಮಾತ್ರ ಒಂದಂಚಿನಲ್ಲಿ ಬೆಳ್ಳಗಾಗುತ್ತಿದೆ. ನಾಲ್ಕನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಇಪ್ಪತ್ತಾರು ಮೇಜುಗಳಿವೆ, ಇಪ್ಪತ್ತೈದು ಖಾಲಿ. ಕಿಟಕಿಯ ಪಕ್ಕದ ಮೇಜಿನಲ್ಲಿ ಐವತ್ತಮೂರರ ಹೆಂಗಸೊಬ್ಬರು ಬಿಸಿನೀರಿನ ಲೋಟ ಪಕ್ಕಕ್ಕಿಟ್ಟು, ಒಂದು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ದೇವರನ್ನು ನೆನೆದು, ಗೇಮ್ ಆಡುವ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ.

ಸ್ಕ್ರೀನಿನ ಮೇಲೆ ಸುಟ್ಟುಹೋದ ಕೋಟೆಯೊಂದು ಎದ್ದು ಬರುತ್ತದೆ. ಬೂದಿ ಉದುರುತ್ತಿದೆ. ಡ್ರ್ಯಾಗನ್ ಒಂದು ಮೇಲೆ ಸುತ್ತು ಹಾಕುತ್ತಿದೆ, ಅದರ ನೆರಳು ನೆಲದ ಮೇಲೆ ಹರಿದು ಹೋಗುತ್ತಿದೆ. ಕೆಳಗೆ ಗುರಾಣಿ ಹಿಡಿದ ಒಂಟಿ ಸೈನಿಕ. ಬೇರೆ ಯಾರೇ ಆಡಲಿ, ಮೊದಲು ತಲೆಯೆತ್ತಿ ಡ್ರ್ಯಾಗನ್ನನ್ನು ನೋಡುತ್ತಾರೆ. ಇವರು ನೋಡುವುದಿಲ್ಲ. ಸೈನಿಕನ ಎಡಭುಜವನ್ನು ಕೋಟೆಗೋಡೆಗೆ ಒತ್ತಿ, ಅವನನ್ನು ಒಂದೊಂದೇ ಹೆಜ್ಜೆ ನಡೆಸುತ್ತಾರೆ. ಹನ್ನೊಂದು ನಿಮಿಷ ಬರೀ ನಡಿಗೆ. ಮೇಲಿನಿಂದ ಬೆಂಕಿ ಬೀಳುತ್ತದೆ, ಸೈನಿಕ ಸಾಯುತ್ತಾನೆ. "ಹೋದ," ಎಂದಷ್ಟೇ ಹೇಳಿ ಅವನನ್ನು ಮತ್ತೆ ಎಬ್ಬಿಸಿ, ಸತ್ತ ಜಾಗಕ್ಕೇ ಕರೆತಂದು, ಅದೇ ಕಲ್ಲಿನಿಂದ ಮುಂದುವರಿಸುತ್ತಾರೆ.

ಏಳನೇ ಸಾವಿನ ನಂತರ ಅವರ ಹೆಬ್ಬೆರಳು ನಿಲ್ಲುತ್ತದೆ. ಸೈನಿಕನ ಮೊಣಕೈ ಕಲ್ಲಿನೊಳಗೆ ಹೂತಿದೆ. ಅಲ್ಲಿ ಗೋಡೆಯ ಬಣ್ಣವಿದೆ, ಗೋಡೆಯಿಲ್ಲ. ಕಣ್ಣಿಗೆ ಬೀಳದ ಬಿರುಕು. ಅವರು ಕನ್ನಡಕ ಏರಿಸಿಕೊಂಡು ದೋಷಪಟ್ಟಿಯಲ್ಲಿ ಟೈಪ್ ಮಾಡುತ್ತಾರೆ: ದಕ್ಷಿಣ ಬಾಗಿಲು, ಎಡಗಂಬದಿಂದ ಒಂಬತ್ತನೇ ಕಲ್ಲು, ಮೊಣಕೈ ಒಳಗೆ ಹೋಗುತ್ತದೆ.

ಆಫೀಸಿನಲ್ಲಿ ಅವರಿಗೆ ಗೋಡೆಯಕ್ಕ ಎಂದೇ ಹೆಸರು. ವಿಡಿಯೊ ಗೇಮ್ ತಯಾರಿಸುವ ಈ ಕಂಪನಿಯಲ್ಲಿ ಅವರು ಪರೀಕ್ಷಕಿ. ಆಟ ಜನರ ಕೈಸೇರುವ ಮುನ್ನ ಅದರ ಗೋಡೆ, ಬಂಡೆ, ಬೇಲಿ, ಬೆಟ್ಟದಂಚುಗಳನ್ನೆಲ್ಲ ಸವರಿ, ಎಲ್ಲಿಯೂ ಆಟಗಾರ ಜಾರಿ ಹೊರಗೆ ಬೀಳದಂತೆ ನೋಡಿಕೊಳ್ಳುವುದು ಅವರ ಕೆಲಸ. ರಾತ್ರಿ ಸೇರಿಸಿದ ತಿದ್ದುಪಡಿಗಳೊಂದಿಗೆ ಆಟದ ಹೊಸ ರೂಪ ಬೆಳಗಿನ ಐದಕ್ಕೆ ಸಿದ್ಧವಾಗಿರುತ್ತದೆ. ನಿನ್ನೆ ಗಟ್ಟಿಯಿದ್ದ ಗೋಡೆ ಇವತ್ತು ತೂತಾಗಿರಬಹುದು. ಆದ್ದರಿಂದ ದಿನವೂ ಮೊದಲಿನಿಂದ.

ಈ ಆಟವೊಂದರಲ್ಲೇ ಅವರು ನಾಲ್ಕು ವರ್ಷ ನಡೆದಿದ್ದಾರೆ. ದಿನಕ್ಕೆ ಮುನ್ನೂರು ಗೋಡೆ, ಐವತ್ತು ಅರವತ್ತು ಸಾವು, ಐದಾರು ದೋಷ. ಇದುವರೆಗೆ ಅವರು ಹಿಡಿದ ಬಿರುಕುಗಳು ಆರು ಸಾವಿರದ ಇನ್ನೂರು ದಾಟಿವೆ. ಡ್ರ್ಯಾಗನ್ನನ್ನು ಒಂದೇ ಒಂದು ಸಲವೂ ಕೊಂದಿಲ್ಲ. "ಕೊಲ್ಲೋಕೆ ಬೇರೆ ಜನ ಇದ್ದಾರೆ," ಎನ್ನುತ್ತಾರೆ. "ಅದರ ಮೇಲೆ ನನಗೇನೂ ಕೋಪ ಇಲ್ಲಪ್ಪ. ಪಾಪ, ಹೇಳಿಕೊಟ್ಟಷ್ಟು ಮಾಡುತ್ತೆ."

ಆಟದ ಹೆಸರನ್ನು ಬಿಡುಗಡೆಗೆ ಮುನ್ನ ಹೊರಗೆ ಹೇಳುವಂತಿಲ್ಲ. ಕಥೆ ಮಾತ್ರ ಹೀಗಿದೆ: ಒಂದು ರಾಜ್ಯವನ್ನು ಡ್ರ್ಯಾಗನ್ ಒಂದು ತಲೆತಲಾಂತರದಿಂದ ಕಾಯುತ್ತಿತ್ತು. ನಿನ್ನ ಮೊಟ್ಟೆಯನ್ನು ನಾನು ಕಾಯುತ್ತೇನೆ ಎಂದು ಅರಸ ಅದಕ್ಕೆ ಮಾತು ಕೊಟ್ಟಿದ್ದ. ಕೊಟ್ಟ ಮಾತು ಮುರಿದು, ಆ ಮೊಟ್ಟೆಯ ಚಿಪ್ಪಿನಿಂದ ಕಿರೀಟ ಮಾಡಿಸಿಕೊಂಡ. ಅಂದಿನಿಂದ ಡ್ರ್ಯಾಗನ್ ಊರೂರು ಸುಡುತ್ತಾ ಹೋಗುತ್ತದೆ, ಬೂದಿ ಮುಚ್ಚಿ ಸೂರ್ಯ ಕಾಣದಂತಾಗುತ್ತಾನೆ. ಅದನ್ನು ಕೊಲ್ಲಲು ಹೊರಟ ಸೈನಿಕನಿಗೆ, ಮೊಟ್ಟೆ ಒಡೆದ ಕೈ ತನ್ನದೇ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಆ ಲೋಕದಲ್ಲಿ ಬೆಳಕು ಎಂದರೆ ಬೆಂಕಿಯೊಂದೇ.

ಗೋಡೆಯಕ್ಕನಿಗೆ ಈ ಕೈಗುಣ ಬಂದದ್ದು ಬಟ್ಟೆಯಿಂದ. ಹದಿನೆಂಟು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಮಾಡಿದವರು. ಅಂಗಿಯನ್ನು ಕಣ್ಣಿಂದ ನೋಡುತ್ತಿರಲಿಲ್ಲ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಈ ಕಂಪನಿಗೆ ಕಸ ಗುಡಿಸಲು ಬಂದರು. ಒಂದು ಬೆಳಿಗ್ಗೆ ಯಾರೋ ಆರಿಸದೆ ಹೋದ ಸ್ಕ್ರೀನಿನಲ್ಲಿ ಕುದುರೆಯೊಂದು ನಿಂತಿತ್ತು. ಮೇಜು ಒರೆಸುವಾಗ ಕಂಟ್ರೋಲರಿಗೆ ಕೈತಾಗಿ ಕುದುರೆ ನಡೆಯಿತು. ಗೋಡೆಗೆ ಮೈ ಉಜ್ಜಿಕೊಂಡು ಹೋದಂತೆಲ್ಲ ಕಂಟ್ರೋಲರ್ ಸಣ್ಣಗೆ ನಡುಗುತ್ತಿತ್ತು. ಒಂದು ಕಡೆ ಆ ನಡುಕ ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತಿತು. ಅಲ್ಲಿಗೇ ಮತ್ತೆ ತಿರುಗಿಸಿದಾಗ ಕುದುರೆ ಗೋಡೆಯೊಳಗೆ ಇಳಿದು ಕಾಣೆಯಾಯಿತು. ಅವರು ಹೆದರಿ ಕಸಬರಿಕೆ ಹಿಡಿದು ಅಲ್ಲೇ ನಿಂತುಬಿಟ್ಟರಂತೆ. ಪರೀಕ್ಷಕರ ತಂಡದ ಮುಖ್ಯಸ್ಥ ಬಂದಾಗ, ನಿಮ್ಮ ಕುದುರೆ ಕಳೆದುಹಾಕಿಬಿಟ್ಟೆ ಎಂದು ತಪ್ಪೊಪ್ಪಿಕೊಂಡರು. ಆ ಕುದುರೆ ಎಲ್ಲಿ ಕಾಣೆಯಾಗುತ್ತದೆಂದು ತಂಡ ಎರಡು ವಾರದಿಂದ ತಲೆಕೆಡಿಸಿಕೊಂಡಿತ್ತು.

ಹಾಗೆ ಬಂದ ಕೆಲಸ ಸುಲಭದ್ದೇನಲ್ಲ. ಮೊದಲ ಮೂರು ತಿಂಗಳು ಸ್ಕ್ರೀನ್ ತಿರುಗಿದರೆ ಅವರ ತಲೆಯೂ ತಿರುಗಿ, ಬಚ್ಚಲಿಗೆ ಓಡುತ್ತಿದ್ದರು. ಈಗ ಬಲ ಹೆಬ್ಬೆರಳ ಬುಡದಲ್ಲಿ ನೋವು ಮನೆಮಾಡಿದೆ, ಒಂದು ಪಟ್ಟಿ ಸದಾ ಸುತ್ತಿರುತ್ತದೆ. ಪಕ್ಕದ ಸಾಲಿನ ಎಳೆಯ ಪರೀಕ್ಷಕರು, "ಅಕ್ಕಾ, ನಾಲ್ಕು ವರ್ಷ ಆಯ್ತು, ಒಂದು ಏಟಾದ್ರೂ ಹೊಡೀರಿ ಅದಕ್ಕೆ," ಎಂದು ಛೇಡಿಸುತ್ತಾರೆ. "ನಿನ್ನ ಕತ್ತಿ ನೀನು ನೋಡ್ಕೋ. ನಿನ್ನೆ ನೀನು ಗೆದ್ದು ಕುಣಿದ್ಯಲ್ಲ, ಆ ನೆಲ ಗಟ್ಟಿ ಮಾಡಿಸಿದ್ದು ಯಾರು?" ಎನ್ನುವುದು ಅವರ ಉತ್ತರ.

ಅವರ ಮನೆ ಅಲ್ಲಿಂದ ಎರಡು ಬಸ್ಸಿನ ದೂರ. ಮೂರನೇ ಮಹಡಿಯಲ್ಲಿ ಎರಡು ಕೋಣೆ. ಇರುವ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುವುದರಿಂದ ನಡುಹಗಲಲ್ಲೂ ದೀಪ ಹಾಕಬೇಕು. ಜೊತೆಗಿರುವುದು ತಂಗಿ, ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಮಧ್ಯಾಹ್ನದ ಪಾಳಿ. ಅಕ್ಕ ಹೊರಡುವಾಗ ತಂಗಿ ಮಲಗಿರುತ್ತಾಳೆ, ಅಕ್ಕ ಬರುವಾಗ ತಂಗಿ ಹೊರಟಿರುತ್ತಾಳೆ, ತಂಗಿ ಬರುವಾಗ ಅಕ್ಕನಿಗೆ ನಿದ್ದೆ. ತಿಂಗಳಿಗೊಂದು ರಜೆ ಇಬ್ಬರಿಗೂ ಒಟ್ಟಿಗೆ ಬಿದ್ದರೆ ಅದೇ ದೊಡ್ಡದು. ಉಳಿದ ಮಾತೆಲ್ಲ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ. ಸಾರಿಗೆ ಉಪ್ಪು ಹಾಕಿದ್ದು ನೀನೋ ಸಮುದ್ರವೋ ಎಂದು ಒಬ್ಬಳು ಬರೆದರೆ, ನೀರು ಬೆರೆಸಿಕೊಂಡು ಕುಡಿ, ನದಿಯಾಗುತ್ತೆ ಎಂದು ಮತ್ತೊಬ್ಬಳು. ಜಗಳವೂ ಅಲ್ಲೇ, ರಾಜಿಯೂ ಅಲ್ಲೇ.

"ಹೀಗೇ ಹದಿನಾಲ್ಕು ವರ್ಷ ಆಯ್ತು," ಎನ್ನುತ್ತಾರೆ ಗೋಡೆಯಕ್ಕ. "ಬೀಗ ತೆಗೆದು, ಕತ್ತಲಲ್ಲಿ ಕೈ ಚಾಚಿ, ಸ್ವಿಚ್ಚು ಹುಡುಕಬೇಕು. ಒಳಗಿಂದ ಯಾರಾದ್ರೂ ಬಾಗಿಲು ತೆಗೆಯೋ ಮನೆಗೆ ಹೋಗೋದು ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ."

ಈ ಮಾತು ಗೊತ್ತಿದ್ದರೆ ಮುಂದಿನದು ಅರ್ಥವಾದೀತು. ಆಟದ ಮೂರನೇ ಭಾಗದಲ್ಲಿ ಒಂದು ಬೋಳು ಬೆಟ್ಟವಿದೆ, ಡ್ರ್ಯಾಗನ್ ಇಳಿದು ಕಾದಾಡುವುದು ಅಲ್ಲಿಯೇ. ಆ ಬೆಟ್ಟದ ಅಂಚಿನಲ್ಲಿ ನಿಂತರೆ ಕಣಿವೆಯಾಚೆ ಇನ್ನೊಂದು ಬೆಟ್ಟ, ಅದರ ನೆತ್ತಿಯಲ್ಲಿ ಹೆಬ್ಬೆರಳಿನಷ್ಟು ಪುಟ್ಟ ಮನೆ. ಮನೆಗೊಂದು ಕಿಟಕಿ, ಕಿಟಕಿಯಲ್ಲಿ ದೀಪ. ಇಡೀ ಆಟದಲ್ಲಿ ಯಾರನ್ನೂ ಸುಡದ ಬೆಳಕು ಅದೊಂದೇ. ಎರಡೂವರೆ ವರ್ಷದ ಹಿಂದೆ ಅದನ್ನು ಮೊದಲು ಕಂಡ ದಿನ ಗೋಡೆಯಕ್ಕ ದೋಷಪಟ್ಟಿಯಲ್ಲಿ ಬರೆದರು: ಎದುರು ಬೆಟ್ಟದ ಮನೆಗೆ ದಾರಿ ಇಲ್ಲ. ಇದು ಬೇಕೆಂದೇ ಮಾಡಿದ್ದು, ಮನೆ ಬರೀ ಹಿನ್ನೆಲೆಯ ಚಿತ್ರ ಎಂದು ಉತ್ತರ ಬಂತು. ಆರು ತಿಂಗಳ ಮೇಲೆ ಮತ್ತೆ ಬರೆದರು, ಅದೇ ಉತ್ತರ. ಮೂರನೇ ಸಲ ಮುಖ್ಯಸ್ಥನೇ ಮೇಜಿನ ಬಳಿ ಬಂದು ನಗುತ್ತಾ, ಅದು ಮನೆಯಲ್ಲ ಅಕ್ಕ, ಬಣ್ಣ ಎಂದ. "ದೀಪ ಉರೀತಿದೆಯಲ್ಲಪ್ಪ," ಎಂದರು ಇವರು.

ಹೋದ ತಿಂಗಳು, ಸೋಮವಾರದ ಬೆಳಿಗ್ಗೆ, ಆ ಬೋಳು ಬೆಟ್ಟದ ಅಂಚನ್ನು ಸವರಿಕೊಂಡು ಹೋಗುತ್ತಿದ್ದಾಗ ಡ್ರ್ಯಾಗನ್ ಇಳಿದು ರೆಕ್ಕೆ ಬಡಿಯಿತು. ಆ ಗಾಳಿಗೆ ಆಟಗಾರ ಹಿಂದಕ್ಕೆ ತೂರಿಹೋಗುವುದು ಆಟದ ನಿಯಮ. ಸೈನಿಕ ಒಂದು ಸೀಳುಬಂಡೆಯ ಮೂಲೆಯಲ್ಲಿ ಗುರಾಣಿ ಎತ್ತಿಕೊಂಡು ನಿಂತಿದ್ದ. ಗಾಳಿ ಅವನನ್ನು ಬಂಡೆಯ ಮೂಲಕವೇ ಆಚೆಗೆ ಎಸೆಯಿತು. ಬಿದ್ದದ್ದು ಕಣಿವೆಯ ತಳದಲ್ಲಿ, ಇನ್ನೂ ಬಣ್ಣ ಹಚ್ಚದ ಬೂದುನೆಲದ ಮೇಲೆ. ಅಲ್ಲಿ ಹುಲ್ಲಿಲ್ಲ, ಸದ್ದಿಲ್ಲ, ಸಾವೂ ಇಲ್ಲ. ಎದುರಿಗೆ ಆ ಬೆಟ್ಟ.

ನಲವತ್ತು ನಿಮಿಷ ನಡೆದರು. ಮನೆ ದೊಡ್ಡದಾಗುತ್ತಾ ಬಂತು. ಹತ್ತಿರ ಹೋದಾಗ ಬಾಗಿಲು ಬರೀ ಬಣ್ಣವೆಂದು ತಿಳಿಯಿತು, ದೀಪ ಒಂದು ಹಳದಿ ಚೌಕ. ಸುತ್ತಿ ಹಿಂದಕ್ಕೆ ಹೋದರೆ ಹಿಂಭಾಗವೇ ಇರಲಿಲ್ಲ. ಮುಂಭಾಗದ ಒಂದು ಹಲಗೆ, ಅದರ ಬೆನ್ನಿಗೆ ಶೂನ್ಯ. ಆದರೂ ಅವರು ತಿರುಗಿ ಮುಂದೆ ಬಂದು, ಸೈನಿಕನನ್ನು ಆ ಕಿಟಕಿಯ ಕೆಳಗೆ ಕೂರಿಸಿದರು. ಹಳದಿ ಬೆಳಕು ಅವನ ಹೆಗಲ ಮೇಲೆ ಬಿದ್ದಿತ್ತು. "ಇವನು ಎಷ್ಟು ಸಾವಿರ ಸಲ ಸತ್ತಿದ್ದಾನೆ ನನ್ನ ಕೈಯಲ್ಲಿ. ಒಂದು ದಿನಾನೂ ಕೂತ್ಕೊಂಡಿರಲಿಲ್ಲ," ಎನ್ನುತ್ತಾರೆ.

ಅಂದು ಕೆಲಸ ಮುಗಿಸಿ ಏಳುವಾಗ, ಬೋಳು ಬೆಟ್ಟದ ಎದುರಿನ ಖಾನೆಯಲ್ಲಿ 'ಸರಿ ಇದೆ' ಎಂದು ಗುರುತು ಹಾಕಿದರು. ಇಷ್ಟು ವರ್ಷಗಳ ಕೆಲಸದಲ್ಲಿ, ಕಾರ್ಖಾನೆಯ ಹದಿನೆಂಟನ್ನೂ ಸೇರಿಸಿ, ಅವರು ಬರೆದ ಮೊದಲ ಸುಳ್ಳು ಅದು. ಮಂಗಳವಾರವೂ ಹೋದರು, ಕೂತರು, ಸರಿ ಇದೆ ಎಂದು ಬರೆದರು. ಬುಧವಾರವೂ ಹಾಗೆಯೇ. ಶುಕ್ರವಾರ ಸಂಜೆ ಆಟದ ಮೂರನೇ ಭಾಗಕ್ಕೆ ಬೀಗ ಬೀಳುವುದಿತ್ತು. ಆಮೇಲೆ ಅಲ್ಲಿ ಒಂದು ಕಲ್ಲನ್ನೂ ಅಲುಗಿಸುವಂತಿಲ್ಲ, ಬಿರುಕಿದ್ದರೆ ಬಿರುಕಿನ ಸಮೇತ ಜನರ ಕೈಗೆ ಹೋಗುತ್ತದೆ. ಹೇಳಿದರೆ ದಾರಿ ಮುಚ್ಚುತ್ತದೆ. ಹೇಳದಿದ್ದರೆ ಡ್ರ್ಯಾಗನ್ ಜೊತೆ ಹೋರಾಡುತ್ತಿದ್ದ ಯಾರೋ ಆ ಬೂದುನೆಲಕ್ಕೆ ಬಿದ್ದು, ವಾಪಸಾಗಲು ದಾರಿಯಿಲ್ಲದೆ, ಆಡಿದ್ದೆಲ್ಲ ಕಳೆದುಕೊಳ್ಳುತ್ತಾರೆ.

ಬುಧವಾರ ಮನೆಗೆ ಹೋದವರು ತಂಗಿಗೆ ಚೀಟಿಯಲ್ಲಿ ಎಲ್ಲವನ್ನೂ ಬರೆದರಂತೆ, ಎರಡು ಹಾಳೆ. ಬೆಳಿಗ್ಗೆ ಏಳುವಾಗ ಉತ್ತರ ಒಂದೇ ಸಾಲು ಇತ್ತು. "ಅಕ್ಕ, ನಿನಗೆ ಸುಳ್ಳು ಬರಲ್ಲ, ಮೂರು ದಿನದಿಂದ ಅನ್ನ ಸೀಯ್ತಾ ಇದೆ."

ಗುರುವಾರ ಬೆಳಿಗ್ಗೆ ಅವರು ಇನ್ನೊಮ್ಮೆ ಆ ನಲವತ್ತು ನಿಮಿಷ ನಡೆದರು, ಕಿಟಕಿಯ ಕೆಳಗೆ ಕೂತರು. ಸೈನಿಕ ಕೂತಿದ್ದ ಚಿತ್ರವನ್ನೇ ತೆಗೆದು ದೋಷಪಟ್ಟಿಗೆ ಸೇರಿಸಿ, ಸೀಳುಬಂಡೆಯ ಮೂಲೆಯ ವಿವರ ಬರೆದರು. ಮುಖ್ಯಸ್ಥ ಬಂದ ಕೂಡಲೇ ಎದ್ದು ನಿಂತು, ಇದು ಇವತ್ತು ಸಿಕ್ಕಿದ್ದಲ್ಲ, ಸೋಮವಾರವೇ ಸಿಕ್ಕಿದ್ದು ಎಂದು ಹೇಳಿದರು. ಅವರ ವಯಸ್ಸಿನ ಅರ್ಧದಷ್ಟು ವಯಸ್ಸಿನವನು ಅವನು. ಸ್ಕ್ರೀನಿನಲ್ಲಿ ಆ ಚಿತ್ರ ತೆರೆದು ನೋಡಿದ.

"ಮೂರು ದಿನಾನಾ ಅಕ್ಕ?"

"ಮೂರು ದಿನ. ಕೆಲಸ ಬಿಡು ಅಂದ್ರೆ ಬಿಡ್ತೀನಿ."

ಅವನು ಬಿಡು ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಸೋಮವಾರದ ತಾರೀಖು ಹಾಕಿ ಎಂದ. ಪಟ್ಟಿಯ ಆರು ಸಾವಿರ ದೋಷಗಳ ನಡುವೆ ತಡವಾಗಿ ಬಂದದ್ದು ಅದೊಂದೇ. ಈಗಲೂ ಕೆಂಪಕ್ಷರದಲ್ಲಿ ಇದೆ. ಅದನ್ನು ಅವರು ಮುಚ್ಚಿಡುವುದಿಲ್ಲ, ಕೇಳಿದವರಿಗೆ ತಾವೇ ತೆಗೆದು ತೋರಿಸುತ್ತಾರೆ.

ಅಂದು ಮಧ್ಯಾಹ್ನ ಆರನೇ ಮಹಡಿಯಿಂದ ಒಬ್ಬರು ಇಳಿದು ಬಂದರು. ಹಿನ್ನೆಲೆಯ ಚಿತ್ರ ಬರೆಯುವವರು, ಬೆನ್ನು ಬಾಗಿದ ಮಿತಭಾಷಿ. ನಾಲ್ಕು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಪಟ್ಟಿಯಲ್ಲಿದ್ದ ಚಿತ್ರ ನೋಡಿ ಬಂದಿದ್ದರು. ಬೆಟ್ಟ ಖಾಲಿ ಕಾಣುತ್ತಿತ್ತೆಂದು ಕಾಲು ಗಂಟೆಯಲ್ಲಿ ಬರೆದ ಮನೆ ಅದು, ಅಷ್ಟು ದೂರ ಯಾರಾದರೂ ನಡೆದುಹೋಗುತ್ತಾರೆಂದು ಕನಸಲ್ಲೂ ಎಣಿಸಿರಲಿಲ್ಲ ಎಂದರು. ಬರೀ ಕಾಲು ಗಂಟೆಯೇ ಎಂದು ಗೋಡೆಯಕ್ಕನಿಗೆ ಮನಸ್ಸು ಚುರುಕ್ಕೆಂದಿತಂತೆ. ಆಮೇಲೆ ಮೆಲ್ಲಗೆ ಕೇಳಿದರು, ಅದಕ್ಕೊಂದು ಹಿಂದಿನ ಗೋಡೆ ಹಾಕಲು ಆಗುತ್ತದೆಯೇ ಎಂದು. ನಾಳೆ ದಾರಿ ಮುಚ್ಚುತ್ತದೆ, ಇನ್ನು ಅದನ್ನು ನೋಡುವವರು ಯಾರೂ ಇಲ್ಲ ಎಂದು ಚಿತ್ರಕಾರರು ನೆನಪಿಸಿದರು.

"ನೋಡೋಕಲ್ಲ ಸಾರ್," ಎಂದರು ಇವರು. "ಹಿಂದೆ ಹಾಗೆ ಬಯಲು ಬಿಟ್ಟರೆ ಗಾಳಿಗೆ ದೀಪ ಆರಿಹೋಗಲ್ವಾ?"

ಚಿತ್ರಕಾರರು ನಗಲಿಲ್ಲ. ಶುಕ್ರವಾರ ಊಟದ ಬಿಡುವಿನಲ್ಲಿ ಆ ಕೆಲಸ ಮುಗಿಸಿದೆ ಎಂದು ಹೇಳಿ ಕಳಿಸಿದರು. ಹಿಂದಿನ ಗೋಡೆ ಹಾಕಿದ್ದಾರಂತೆ. ಒಳಗೊಂದು ಮಣೆ, ಒಲೆ. ಬಾಗಿಲಿಗೆ ಒಳಗಡೆಯಿಂದ ಚಿಲಕ. ಅಷ್ಟರಲ್ಲಿ ಸೀಳುಬಂಡೆಯ ಮೂಲೆಗೆ ಗಟ್ಟಿ ಗೋಡೆ ಬಂದಿತ್ತು. ಸಂಜೆ ಆರಕ್ಕೆ ಆ ಭಾಗಕ್ಕೆ ಬೀಗ ಬಿತ್ತು.

ಇನ್ನು ಎರಡು ತಿಂಗಳಿಗೆ ಆಟ ಬಿಡುಗಡೆಯಾಗುತ್ತದೆ. ದೇವರಿರುವ ಮನೆಯನ್ನು ಕಂಡು ಬಂದವರಿಲ್ಲ, ಆದರೂ ಅಲ್ಲೊಂದು ದೀಪವಿದೆ ಎಂದುಕೊಂಡು ಲೋಕ ನಡೆಯುತ್ತಿದೆ. ಗೋಡೆಯಕ್ಕನ ನಂಬಿಕೆಯೂ ಆ ಜಾತಿಯದ್ದೇ. ಆ ಮಣೆ, ಆ ಒಲೆಯನ್ನು ನೋಡಿದ್ದೀರಾ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಚಿತ್ರಕಾರರ ಕಂಪ್ಯೂಟರಿನಲ್ಲಿ ಒಮ್ಮೆ ತೋರಿಸಿ ಎಂದು ಕೇಳಬಹುದಿತ್ತು, ಅವರು ಕರೆದೂ ಇದ್ದರು. ಇವರು ಹೋಗಲಿಲ್ಲ. ಹಾಗೆ ನೋಡಿದರೆ ಅದು ಚಿತ್ರ, ನಡೆದುಹೋಗಿ ನೋಡಿದರೆ ಮನೆ ಎನ್ನುವುದು ಅವರ ಲೆಕ್ಕ.

ಅವರಿಗಿರುವ ಆಸೆ ಇಷ್ಟೇ: ಎಲ್ಲೋ ಒಬ್ಬರು ಆಟಗಾರರು ಆ ಬೋಳು ಬೆಟ್ಟದ ಮೇಲೆ ಕಾದಾಟದ ನಡುವೆ ಕತ್ತಿ ಇಳಿಸಿ, ಒಂದು ಗಳಿಗೆ ಆಚೆ ಬೆಟ್ಟದ ಕಡೆ ನೋಡಬೇಕು.

ಸೀಳುಬಂಡೆಯ ಮೂಲೆಯನ್ನು ಬೀಗ ಬಿದ್ದ ಮೇಲೆ ಮತ್ತೆ ಪರೀಕ್ಷಿಸಬೇಕಾಗಿಲ್ಲ, ಅವರ ಪಟ್ಟಿಯಲ್ಲಿ ಅದು ಇಲ್ಲ. ಆದರೂ ದಿನವೂ ಅಲ್ಲಿಗೆ ಹೋಗುತ್ತಾರೆ. ಗುರಾಣಿ ಎತ್ತಿ ನಿಲ್ಲುತ್ತಾರೆ, ಡ್ರ್ಯಾಗನ್ ರೆಕ್ಕೆ ಬಡಿಯುವವರೆಗೆ ಕಾಯುತ್ತಾರೆ. ಗಾಳಿ ಬಂದು ಸೈನಿಕನನ್ನು ಬಂಡೆಗೆ ಅಪ್ಪಳಿಸುತ್ತದೆ, ಬಂಡೆ ಬಿಡುವುದಿಲ್ಲ. ಅವರು ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಹೆಬ್ಬೆರಳಿನ ಪಟ್ಟಿ ಸರಿಮಾಡಿಕೊಳ್ಳುತ್ತಾರೆ.

"ಇಪ್ಪತ್ತೊಂದು ದಿನ ನೋಡಿದೀನಿ," ಎನ್ನುತ್ತಾರೆ. "ಒಂದು ಕೂದಲು ತೂರೋಕೂ ಜಾಗ ಇಲ್ಲ. ಒಳ್ಳೇ ಗೋಡೆ."